ಐದು ಪದಗಳೂ ಒಂದು ತೋರುಬೆರಳೂ

ಒಂದೇ ಮಾತನ್ನು ಐದು ಚೀಟಿಗಳ ಮೇಲೆ ಬರೆದದ್ದೇ ಚೀಟಿಯಣ್ಣನ ತಪ್ಪಾಯಿತು.

ಅವನು ಇದ್ದದ್ದು ನಿಘಂಟಿನ ಕಚೇರಿಯಲ್ಲಿ. ಇಂಗ್ಲಿಷಿನ ಪದಗಳಿಗೆಲ್ಲ ನಮ್ಮ ಭಾಷೆಯಲ್ಲಿ ಅರ್ಥ ಬರೆದಿಡುವುದು ಅಲ್ಲಿಯ ಕೆಲಸ. ಪದಕ್ಕೊಂದು ಚೀಟಿ. ಚೀಟಿ ಬರೆಯುವವನಾದ್ದರಿಂದ ಎಲ್ಲರೂ ಅವನನ್ನು ಚೀಟಿಯಣ್ಣ ಎಂದೇ ಕರೆಯುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಕಚೇರಿಯು ಎ ಅಕ್ಷರದಿಂದ ಹೊರಟು ಇ ಅಕ್ಷರದವರೆಗೆ ಬಂದಿತ್ತು. ಈ ನಡಿಗೆಯಲ್ಲಿ ಕೊನೆಯ ಅಕ್ಷರ ಮುಟ್ಟುವ ಹೊತ್ತಿಗೆ ಇಂಗ್ಲಿಷು ಮಾತಾಡುವವರು ಯಾರಾದರೂ ಉಳಿದಿರುತ್ತಾರೋ ಇಲ್ಲವೋ ಎಂದು ಜವಾನ ಆಗಾಗ ಚಿಂತೆಪಡುತ್ತಿದ್ದ.

ಆ ದಿನ ಹನ್ನೆರಡೂವರೆಗೆ ಪ್ರಧಾನ ಸಂಪಾದಕರು, ಎಂದರೆ ಕಚೇರಿಯವರ ಬಾಯಲ್ಲಿ ‘ದೊಡ್ಡವರು’, ಐದು ಚೀಟಿಗಳನ್ನು ಹಿಡಿದುಕೊಂಡು ಅವನ ಮೇಜಿನ ಮುಂದೆ ನಿಂತರು. ಎಂಬ್ರಾಯಿಲ್, ಎನ್‌ಮೆಶ್, ಎನ್‌ಸ್ನೇರ್, ಎಂಟ್ಯಾಂಗಲ್, ಎಂಟ್ರ್ಯಾಪ್. ಐದರ ಎದುರಿಗೂ ಚೀಟಿಯಣ್ಣ ದುಂಡಗಿನ ಅಕ್ಷರದಲ್ಲಿ ‘ಸಿಕ್ಕಿಕೊಳ್ಳುವಂತೆ ಮಾಡು’ ಎಂದು ಬರೆದಿದ್ದ.

“ಏನ್ರೀ ಇದು? ಇಂಗ್ಲಿಷಿನವನು ಐದು ಥರ ಸಿಕ್ಕಿಕೊಳ್ತಾನೆ. ನಮ್ಮವನು ಒಂದೇ ಥರವೋ? ನಮ್ಮ ಭಾಷೆ ಏನು ಭಿಕ್ಷೆಗೆ ನಿಂತಿದೆಯೇ?”

“ನಮ್ಮವನು ಸಿಕ್ಕಿಕೊಂಡ ಮೇಲೆ ಯಾವ ಥರ ಅಂತ ನೋಡ್ತಾ ಕೂರೋದಿಲ್ಲ ಸಾರ್. ಬಿಡಿಸಿಕೊಳ್ಳೋ ದಾರಿ ನೋಡ್ತಾನೆ.”

“ಐದಕ್ಕೆ ಐದು ಬೇರೆ ಮಾತು ಬೇಕು. ಇವತ್ತೇ.”

“ಸಾರ್, ನಾನು ಎರಡು ಗಂಟೆಗೆ ಹೊರಡಬೇಕು. ಮಗಳಿಗೆ ಆಪರೇಷನ್. ಹೋದ ವಾರವೇ ಅರ್ಜಿ ಕೊಟ್ಟಿದ್ದೆ.”

“ಕೊಟ್ಟಿದ್ದಿರಿ. ಅದರಲ್ಲಿ ಮೂರು ತಪ್ಪಿತ್ತು, ತಿದ್ದಿ ಇಟ್ಟಿದ್ದೀನಿ. ಐದು ಮಾತು ಬರೆದಿಟ್ಟು ಧಾರಾಳವಾಗಿ ಹೋಗಿ. ದೇವರು ಒಳ್ಳೇದು ಮಾಡಲಿ.”

ಚೀಟಿಯಣ್ಣನ ಮಗಳು ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವವಳು. ಅವಳ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತ್ತು. ಅವಳ ತಾಯಿಗೂ ಅದೇ ಜಾಗದಲ್ಲಿ ಎದ್ದಿತ್ತು. ತಾಯಿ ‘ಇವತ್ತು ನಾಳೆ’ ಎನ್ನುತ್ತಾ ಕಾದಳು. ಅವಳು ಹೋದ ದಿನ ಚೀಟಿಯಣ್ಣ ಡಿ ಅಕ್ಷರದಲ್ಲಿದ್ದ. ಸುದ್ದಿ ತಿಳಿದು ಆಸ್ಪತ್ರೆ ಸೇರುವ ಹೊತ್ತಿಗೆ ಹಾಸಿಗೆಯ ಮೇಲೆ ಬೇರೆ ಚಾದರ ಹಾಸಿ ಆಗಿತ್ತು. ಅದಾಗಿ ನಾಲ್ಕು ವರ್ಷ. ಈಗ ಮಗಳ ಸರದಿ. ಆ ಗಂಟನ್ನು ಕೊಯ್ಯಬಲ್ಲ ಡಾಕ್ಟರು ದೂರದಿಂದ ಮೂರು ತಿಂಗಳಿಗೊಮ್ಮೆ ಬರುವವರು. ಇವತ್ತು ಬರುತ್ತಾರೆ, ನಾಲ್ಕು ಗಂಟೆಗೆ ಅವಳನ್ನು ಒಳಗೆ ಕರೆದೊಯ್ಯುತ್ತಾರೆ. ಇನ್ನೊಮ್ಮೆ ಮುಂದೂಡಬಾರದೆಂದು ಅವರು ಹೋದ ಸಲವೇ ಹೇಳಿದ್ದರು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಬಿಟ್ಟು ಬರುವಾಗ ಮಗಳು ಹೇಳಿದ್ದು ಇಷ್ಟೇ: “ಆ ಬಾಗಿಲ ತನಕ ನೀವು ನನ್ನ ಕೈ ಹಿಡ್ಕೊಂಡು ಬರಬೇಕಪ್ಪಾ. ಅಲ್ಲಿಂದಾಚೆಗೆ ನಾನೇ ಹೋಗ್ತೀನಿ.”

ಚೀಟಿಯಣ್ಣ ಗಡಿಯಾರ ನೋಡಿದ. ಒಂದು ಗಂಟೆಗೆ ಹತ್ತು ನಿಮಿಷ. ಆಸ್ಪತ್ರೆಗೆ ಬಸ್ಸಿನಲ್ಲಿ ಅರ್ಧ ಗಂಟೆ. ಐದು ಮಾತಲ್ಲವೇ, ಬರೆದು ಬಿಸಾಡಿ ಹೊರಟರಾಯಿತು ಎಂದುಕೊಂಡ. ಮನುಷ್ಯ ಕೆಡುವುದೇ ಹೀಗೆ ಎಂದುಕೊಳ್ಳುವಾಗ.

ಮೀನು ಹಿಡಿಯುವವರು, ಬೇಟೆಯವರು, ನೂಲುವವರು ಆಡುವ ಮಾತುಗಳನ್ನೆಲ್ಲ ಹಿಂದೆ ಯಾರೋ ಪುಣ್ಯಾತ್ಮರು ಊರೂರು ಅಲೆದು ಬರೆದು ತಂದಿದ್ದರು. ಅವೆಲ್ಲ ಗೋಡೆಯುದ್ದದ ಹಳೆಯ ಬೀರುವಿನಲ್ಲಿದ್ದವು. ಬೀರುವಿಗೆ ಇಪ್ಪತ್ತನಾಲ್ಕು ಡ್ರಾಯರುಗಳು. ಬೇಕಾದ ಡ್ರಾಯರಿಗೆ ಹಿಡಿ ಇರಲಿಲ್ಲ; ಅದು ಬಿದ್ದುಹೋಗಿ ಹತ್ತು ವರ್ಷವಾಗಿತ್ತು. ಹಿಡಿ ಇದ್ದ ಕಡೆ ಹಿತ್ತಾಳೆಯ ಬಳೆ ಕೂರಿಸಿದ ಒಂದು ದುಂಡು ತೂತು. ಎಲ್ಲರೂ ಪೆನ್ಸಿಲು ತೂರಿಸಿ ಎಳೆಯುತ್ತಿದ್ದರು. ಪೆನ್ಸಿಲು ಮೇಜಿನ ಮೇಲಿತ್ತು. ಮೇಜು ಆರು ಹೆಜ್ಜೆ ದೂರವಿತ್ತು. ಚೀಟಿಯಣ್ಣ ಬಲಗೈಯ ತೋರುಬೆರಳು ತೂರಿಸಿ, ಕೊಕ್ಕೆಯಂತೆ ಬಗ್ಗಿಸಿ ಎಳೆದ.

ಡ್ರಾಯರು ಅರ್ಧ ಅಂಗುಲ ಬಂದು ನಿಂತಿತು. ತುರುಕಿದ ಚೀಟಿಗಳು ಮೇಲಕ್ಕೆ ಉಬ್ಬಿ ಬೀರುವಿಗೆ ಕಚ್ಚಿಕೊಂಡವು. ಒಳಗಿನ ಹಲಗೆ ಮುಂದೆ ಜಾರಿ ಬೆರಳನ್ನು ಒತ್ತಿತು. ಚೀಟಿಯಣ್ಣ ಬೆರಳನ್ನು ಹಿಂದಕ್ಕೆ ಎಳೆದ. ಬೆರಳು ಬರಲಿಲ್ಲ. ಐವತ್ತೇಳು ವರ್ಷದ ಬೆರಳಿನ ಗೆಣ್ಣು, ಒಳಗೆ ಹೋಗುವಾಗ ಅತಿಥಿಯಂತೆ ಹೋದದ್ದು, ಹೊರಗೆ ಬರುವಾಗ ಅಳಿಯನಂತೆ ಮೊಂಡು ಹಿಡಿಯಿತು.

ಮೊದಲ ಐದು ನಿಮಿಷ ಅವನು ಯಾರಿಗೂ ಹೇಳಲಿಲ್ಲ. ಬೀರುವಿಗೆ ಒರಗಿ, ಏನೋ ಯೋಚಿಸುತ್ತಿರುವವನಂತೆ ನಿಂತ. ಆಮೇಲೆ ಕರಡಮ್ಮ ಬಂದಳು. ಅಚ್ಚಿನ ಕರಡು ತಿದ್ದುವವಳಾದ್ದರಿಂದ ಅವಳಿಗೆ ಆ ಹೆಸರು. ಕನ್ನಡಕದ ಮೇಲಿನಿಂದ ನೋಡಿದಳೆಂದರೆ ಎದುರಿಗಿದ್ದವರು ತಮ್ಮ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು.

“ಏನಣ್ಣಾ, ಬೀರು ಬೀಳುತ್ತೆ ಅಂತ ಹಿಡ್ಕೊಂಡು ನಿಂತಿದ್ದೀಯಾ?”

“ಬೆರಳು ಬರ್ತಿಲ್ಲ ಕಣಮ್ಮ.”

“ಎಷ್ಟು ಹೊತ್ತಾಯ್ತು?”

“ಈಗಷ್ಟೇ.”

“ಸುಳ್ಳು. ಬೆರಳು ಕೆಂಪಗಾಗಿದೆ.” ಅವಳು ಹಿಂದಕ್ಕೆ ತಿರುಗಿ ಕೂಗಿದಳು. “ಎಲ್ಲರೂ ಬನ್ನಿ. ಚೀಟಿಯಣ್ಣ ಸಿಕ್ಕಿಹಾಕಿಕೊಂಡಿದ್ದಾನೆ.”

ಬಂದವರು ಇಬ್ಬರು: ದೊಡ್ಡವರು, ಮತ್ತು ಅಲ್ಪವಿರಾಮ. ಅಲ್ಪವಿರಾಮ ಎಂಬುವವನು ಎರಡನೆಯ ಪರಿಷ್ಕಾರಕ. ಮಾತಿನ ನಡುವೆ ಅವನು ನಿಲ್ಲುತ್ತಿದ್ದ ಜಾಗದಲ್ಲಿ ಬೇರೆಯವರು ಒಂದು ಲೋಟ ನೀರು ಕುಡಿದು ಬರಬಹುದಿತ್ತು.

ದೊಡ್ಡವರ ಮುಖ ಅರಳಿದ್ದನ್ನು ಚೀಟಿಯಣ್ಣ ಅಂದು ಮೊದಲ ಸಲ ನೋಡಿದ.

“ನೋಡಿ,” ಎಂದರು ಅವರು. “ಪದ ಒಂದು ಕಡೆ, ಪದಾರ್ಥ ಒಂದು ಕಡೆ ಇಟ್ಟುಕೊಂಡು ಮೂವತ್ತು ವರ್ಷ ಒದ್ದಾಡಿದೆವು. ಇವತ್ತು ಎರಡೂ ಒಂದೇ ಕೋಣೆಗೆ ಬಂದಿವೆ. ಹೇಳಿ, ಇದು ಐದರಲ್ಲಿ ಯಾವುದು?”

“ಎಂಟ್ಯಾಂಗಲ್, ಅಲ್ಲ,” ಎಂದ ಅಲ್ಪವಿರಾಮ. “ಅದಕ್ಕೆ ಎಳೆ, ಬೇಕು. ದಾರ, ಕೂದಲು, ಬಳ್ಳಿ. ಇಲ್ಲಿ ಎಳೆ, ಇಲ್ಲ.”

“ಎನ್‌ಮೆಶ್ ಕೂಡ ಅಲ್ಲ,” ಎಂದಳು ಕರಡಮ್ಮ. “ಅದಕ್ಕೆ ಬಲೆಗಣ್ಣು ಬೇಕು, ಒಂದಲ್ಲ, ನೂರು. ಇಲ್ಲಿರೋದು ಒಂದೇ ತೂತು.”

“ಎಂಟ್ರ್ಯಾಪ್ ಅನ್ನಬೇಕಾದರೆ ಇನ್ನೊಬ್ಬ ಬೇಕಂತಲೇ ಹೊಂಚು ಹಾಕಿರಬೇಕು,” ಎಂದರು ದೊಡ್ಡವರು. “ಇವರನ್ನು ಹಿಡಿಯೋಕೆ ಯಾರು ಹೊಂಚು ಹಾಕ್ತಾರೆ?”

“ಎಂಬ್ರಾಯಿಲ್, ಅಂದರೆ, ಜಗಳಕ್ಕೆ ಸಿಲುಕಿಸೋದು. ಇಲ್ಲಿ ಜಗಳ, ಆಗಿಲ್ಲ.”

“ಈಗ ಆಗುತ್ತೆ,” ಎಂದ ಚೀಟಿಯಣ್ಣ. “ನನ್ನ ಮಗಳನ್ನ ನಾಲ್ಕು ಗಂಟೆಗೆ ಒಳಗೆ ಕರ್ಕೊಂಡು ಹೋಗ್ತಾರೆ. ನೀವು ಯಾವುದಾದರೂ ಒಂದು ಪದ ಇಟ್ಟುಕೊಳ್ಳಿ, ನನ್ನ ಬೆರಳು ಬಿಡಿಸಿ.”

ಕರಡಮ್ಮನಿಗೆ ಕನಿಕರ ಬಂತು. ಅವಳು ಜವಾನನಿಗೆ ಎಣ್ಣೆ ತರಲು ಹೇಳಿದಳು. ಜವಾನ ಹಿಂದಿನ ಕೋಣೆಯ ಹಲಗೆಯಿಂದ ಒಂದು ಬಾಟಲಿ ತಂದು, ಮುಂದೆ ಹಿಂದೆ ನೋಡದೆ ಬೆರಳ ಸುತ್ತ ಸುರಿದ. ಅದು ಎಣ್ಣೆಯಲ್ಲ, ಚೀಟಿ ಮೆತ್ತುವ ಅಂಟು.

“ಬಾಟಲಿ ಮೇಲೆ ಬರೆದಿರಲಿಲ್ಲವೇನೋ?” ಎಂದಳು ಕರಡಮ್ಮ.

“ಬರೆದಿಲ್ಲಮ್ಮ. ಎರಡು ವರ್ಷದಿಂದ ಹೆಸರು ಚೀಟಿ ಮೂರನೇ ಸಹಿಗೆ ಕಾಯ್ತಾ ಇದೆ.”

ಅದು ನಿಜ. ಮೂವರ ಸಹಿಯಿಲ್ಲದೆ ಒಂದು ಅಕ್ಷರವೂ ಹೊರಬೀಳಕೂಡದೆಂಬುದು ಆ ಕಚೇರಿಯ ಕಟ್ಟಳೆ. ಹಿಂದೊಮ್ಮೆ ಬಿ ಅಕ್ಷರದ ಸಂಪುಟದಲ್ಲಿ ಚೀಟಿಗಳು ಅದಲುಬದಲಾಗಿ, ಬ್ರೈಡ್, ಎಂದರೆ ಮದುಮಗಳು, ಎಂಬ ಪದದ ಎದುರಿಗೆ ‘ಹೊರೆ ಹೊರುವ ಪ್ರಾಣಿ’ ಎಂದು ಅಚ್ಚಾಗಿತ್ತು. ಅಂದಿನಿಂದ ಈ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು: ಯಾವ ಅರ್ಥವೂ ನಾಲ್ಕು ಮಾತನ್ನು ಮೀರಬಾರದು. ಎರಡನ್ನೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು, ಮನೆಯಲ್ಲಿ ಹಿರಿಯರ ಪಟ ತೂಗುಹಾಕಿದ ಹಾಗೆ.

ಎರಡು ಗಂಟೆ ಬಡಿಯಿತು. ಚೀಟಿಯಣ್ಣನ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಎಡಗೈ ಎತ್ತಿದರೆ ಅದಕ್ಕೂ ಅಂಟು.

“ಒಂದು ಉಪಕಾರ ಮಾಡಿ,” ಎಂದ. “ಆಸ್ಪತ್ರೆಗೆ ಫೋನು ಮಾಡಿಸಿ. ಬೆರಳು ಡ್ರಾಯರಿನಲ್ಲಿ ಸಿಕ್ಕಿಕೊಂಡಿದೆ, ಗಾಬರಿ ಏನಿಲ್ಲ, ಸ್ವಲ್ಪ ತಡವಾದರೂ ನಾಲ್ಕರೊಳಗೆ ಬಂದೇ ಬರ್ತೀನಿ ಅಂತ ಮಗಳಿಗೆ ಹೇಳಬೇಕು. ಅವಳು ಹೆದರುಪುಕ್ಕಲಿ.”

“ಅದಕ್ಕೇನಂತೆ,” ಎಂದರು ದೊಡ್ಡವರು. ಒಂದು ಚೀಟಿ ತೆಗೆದು ಅವನ ಮಾತನ್ನು ಹಾಗೆಯೇ ಬರೆದು ಅಲ್ಪವಿರಾಮನ ಕೈಗೆ ಕೊಟ್ಟರು. ಅಲ್ಪವಿರಾಮ ಕೆಂಪು ಶಾಯಿಯ ಪೆನ್ನು ತೆಗೆದ.

“ಗಾಬರಿ ಏನಿಲ್ಲ, ಅನ್ನೋದು ಬೇಡ. ಅರ್ಥ ಕೊಡುವವರು, ಬುದ್ಧಿ ಹೇಳಬಾರದು.”

“ಅದು ಅವಳಿಗೆ ಧೈರ್ಯಕ್ಕೆ ಕಣಯ್ಯಾ,” ಎಂದ ಚೀಟಿಯಣ್ಣ.

“ಧೈರ್ಯ, ವಿಷಯದಲ್ಲಿ ಇರಬೇಕು. ಮಾತಿನಲ್ಲಿ, ಅಲ್ಲ.” ಅವನು ಗೆರೆ ಎಳೆದ. “ಡ್ರಾಯರು, ಎರವಲು ಪದ. ‘ಮರದ ಪೆಟ್ಟಿಗೆ’ ಅನ್ನಬಹುದು.”

ಕರಡಮ್ಮ ಚೀಟಿಯನ್ನು ಕಿತ್ತುಕೊಂಡಳು. “ನಿನಗೆ ಮನುಷ್ಯತ್ವ ಇದೆಯೇನಯ್ಯಾ? ಆಸ್ಪತ್ರೆಯಲ್ಲಿ ಮಲಗಿರೋ ಹುಡುಗಿಗೆ ನಿಮ್ಮಪ್ಪ ಮರದ ಪೆಟ್ಟಿಗೆಯಲ್ಲಿದ್ದಾರೆ ಅಂತ ಹೇಳಿದರೆ ಅವಳ ಪ್ರಾಣ ನಿಲ್ಲುತ್ತಾ? ಪೆಟ್ಟಿಗೆ ತೆಗಿ. ನಾನು ಸರಿಮಾಡ್ತೀನಿ ಕೊಡು.”

ಚೀಟಿಯಣ್ಣ ಅವಳನ್ನು ಕೃತಜ್ಞತೆಯಿಂದ ನೋಡಿದ. ಒಬ್ಬಳಾದರೂ ಅರ್ಥಮಾಡಿಕೊಂಡಳಲ್ಲ ಎಂದು ದೇವರನ್ನು ನೆನೆದ. ಕರಡಮ್ಮ ಮೇಜಿಗೆ ಹೋಗಿ ಕುಳಿತು ತಿದ್ದಿದಳು, ಮೂರು ಸಹಿ ಬಿತ್ತು, ಚೀಟಿ ಹಿಡಿದುಕೊಂಡು ಜವಾನ ಫೋನಿನ ಕೋಣೆಗೆ ಓಡಿದ. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಸುದ್ದಿ ಮುಟ್ಟಿಸಿ ಬಂದೆನೆಂದು ಹೇಳಿ, ಬರುವಾಗ ಕೆಳಗಿನ ಅಂಗಡಿಯ ಬಡಗಿಯನ್ನೂ ಕರೆತಂದ. ಕಚೇರಿಯಲ್ಲಿ ಯಾರೂ ಹೇಳದೆ ಆದ ಒಳ್ಳೆಯ ಕೆಲಸ ಅದೊಂದೇ.

ಬಡಗಿ ಹೆಣದ ಪೆಟ್ಟಿಗೆ ಮಾಡುವವನು. ಒಳಗೆ ಬಂದವನೇ ಚೀಟಿಯಣ್ಣನನ್ನು ತಲೆಯಿಂದ ಕಾಲಿನವರೆಗೆ, ಒಂದು ಭುಜದಿಂದ ಇನ್ನೊಂದು ಭುಜದವರೆಗೆ ಕಣ್ಣಲ್ಲೇ ಅಳೆದ. ಆಮೇಲೆ, ಕರೆದದ್ದು ಅದಕ್ಕಲ್ಲವೆಂದು ನೆನಪಾಗಿ, ಬೆರಳನ್ನು ನೋಡಿದ.

“ಮುಂದಿನ ಹಲಗೆ ಕೊಯ್ದರೆ ಬರುತ್ತೆ. ಹತ್ತು ನಿಮಿಷದ ಕೆಲಸ. ಆದರೆ ಇವರು ಅಲ್ಲಾಡಬಾರದು. ನನ್ನ ಗಿರಾಕಿಗಳು ಅಲ್ಲಾಡೋದಿಲ್ಲ, ನನಗೆ ಅದೇ ರೂಢಿ.”

“ಕೊಯ್ಯೋದೇ?” ಎಂದರು ದೊಡ್ಡವರು. “ಈ ಬೀರು ಸ್ಥಾಪಕರು ಮಾಡಿಸಿದ್ದು. ಇದರ ಮೇಲೆ ಗರಗಸ ಇಡಬೇಕಾದರೆ ಲಿಖಿತ ಅಪ್ಪಣೆ ಬೇಕು.”

“ಅಪ್ಪಣೆ ಕೊಡಬೇಕಾದವರು ಯಾರು?” ಎಂದು ಬಡಗಿ ಕೇಳಿದ.

“ನಾನೇ.”

“ಹಾಗಾದರೆ ಕೊಡಿ.”

“ಮೂರು ಸಹಿ ಬೇಕು. ನನ್ನದು, ಪರಿಷ್ಕಾರಕರದ್ದು, ಬೀರುವಿನ ಜವಾಬ್ದಾರಿ ಹೊತ್ತವರದ್ದು.”

ಬೀರುವಿನ ಜವಾಬ್ದಾರಿ ಹೊತ್ತವನು ಚೀಟಿಯಣ್ಣ. ಅವನ ಬರೆಯುವ ಕೈ ಬೀರುವಿನೊಳಗಿತ್ತು. ಎಡಗೈಯಲ್ಲಿ ಸಹಿ ಮಾಡಿದ. ಅಂಟಿಗೆ ಮೆತ್ತಿದ ಕಾಗದ ಕೈಬಿಡಲಿಲ್ಲ. ಕರಡಮ್ಮ ಬಿಡಿಸಿಕೊಟ್ಟಾಗ ಅರ್ಧ ಹರಿದಿತ್ತು. ಇನ್ನೊಂದು ಕಾಗದ ಬಂತು. ಅದರ ಮೇಲಿನ ಸಹಿ ನೊಣ ಶಾಯಿಯಲ್ಲಿ ಬಿದ್ದು ಎದ್ದು ನಡೆದಂತಿತ್ತು. ದೊಡ್ಡವರು ಹಾಜರಿ ಪುಸ್ತಕ ತರಿಸಿ ಎರಡನ್ನೂ ಹೋಲಿಸಿ ನೋಡಿದರು.

“ಈ ಸಹಿ ನಿಮ್ಮದಲ್ಲ.”

“ಸಾರ್, ನಿಮ್ಮ ಎದುರಿಗೇ ಹಾಕಿದೆನಲ್ಲ.”

“ನಾನು ನೋಡಿದ್ದು ಬೇರೆ. ಕಾಗದ ನೋಡಿದವನಿಗೆ ಇದು ಬೇರೆಯವರ ಸಹಿ.”

ಚೀಟಿಯಣ್ಣ ಮೂವತ್ತು ವರ್ಷದಲ್ಲಿ ಒಮ್ಮೆಯೂ ದನಿ ಎತ್ತಿದವನಲ್ಲ. ಈಗಲೂ ಎತ್ತಲಿಲ್ಲ. ಹಣೆಯನ್ನು ಬೀರುವಿಗೆ ಒತ್ತಿ, ಕಣ್ಣು ಮುಚ್ಚಿ ಹೇಳಿದ:

“ಅವಳಮ್ಮ ಹೋದ ದಿನ ನೀವು ಎಂಟು ಚೀಟಿ ಮುಗಿಸಿ ಹೋಗಿ ಅಂದಿರಿ. ನಾನು ಮುಗಿಸಿ ಹೋದೆ. ಅವಳ ಕೈ ತಣ್ಣಗಾಗಿತ್ತು. ಆ ಎಂಟು ಪದ ಯಾವುವು ಅಂತ ನಿಮಗೆ ನೆನಪಿದೆಯಾ ಸಾರ್? ನನಗೂ ಇಲ್ಲ.”

ಅಲ್ಪವಿರಾಮನಿಗೂ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ದೊಡ್ಡವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಕಿಟಕಿಯ ಕಡೆ ತಿರುಗಿ ನಿಂತರು. ಕರಡಮ್ಮ ಬಡಗಿಗೆ ಕಣ್ಣಲ್ಲೇ ಹೇಳಿದಳು. ಗರಗಸ ಬೀರುವಿನ ಮೇಲೆ ಕುಳಿತಿತು.

ಮೂರು ಗಂಟೆ ಹದಿನೈದಕ್ಕೆ ಹಲಗೆ ತುಂಡಾಗಿ ಬಿತ್ತು. ಬೆರಳು ಹೊರಗೆ ಬಂತು. ಆದರೆ ಒಂಟಿಯಾಗಿ ಬರಲಿಲ್ಲ. ತೂತಿನ ಹಿತ್ತಾಳೆ ಬಳೆ ಗೆಣ್ಣಿನ ಹಿಂದೆ ಬಿಗಿದು ಕೂತಿತ್ತು, ಹೊಸ ಮದುವೆಯ ಉಂಗುರದ ಹಾಗೆ.

“ಇದನ್ನೂ ಕೊಯ್ಯಪ್ಪಾ.”

“ಮರ ನನ್ನದು. ಲೋಹ ನನ್ನದಲ್ಲ,” ಎಂದ ಬಡಗಿ ಗರಗಸ ಒರೆಸುತ್ತಾ. “ಅದಕ್ಕೆ ಅಕ್ಕಸಾಲಿಗ ಬೇಕು. ಅವನ ಅಂಗಡಿ ಇವತ್ತು ರಜ.”

“ಇರಲಿ ಬಿಡು. ಹೋಗ್ತಾ ಹೋಗ್ತಾ ಬಿಚ್ಚಿಕೊಳ್ಳುತ್ತೆ.” ಚೀಟಿಯಣ್ಣ ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಹಿಂದಿನಿಂದ ದೊಡ್ಡವರ ದನಿ ಕೇಳಿಸಿತು: “ಆ ಹಿತ್ತಾಳೆ ಬಳೆ ಕಚೇರಿಯದ್ದು, ನಾಳೆ ವಾಪಸು ತನ್ನಿ.”

ಬಸ್ಸು ಸಿಕ್ಕಿತು. ನಿಲ್ಲಲು ಜಾಗವಿತ್ತು. ಬೆರಳು ಮೊದಲು ಕೆಂಪಗೆ, ಆಮೇಲೆ ನೀಲಿಗೆ, ಕೊನೆಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಸೌದೆಯಂತೆ ಮರಗಟ್ಟಿತು. ಪಕ್ಕದಲ್ಲಿದ್ದ ಹೆಂಗಸು ತನ್ನ ಮಗುವನ್ನು ಆಚೆ ಎಳೆದುಕೊಂಡಳು. ಚೀಟಿಯಣ್ಣ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಯಾರಿಗೋ ದಾರಿ ತೋರಿಸುವವನಂತೆ ನಿಂತಿದ್ದ. ನೋವಿರಲಿಲ್ಲ, ಅದೇ ಅವನಿಗೆ ಸಮಾಧಾನ. ನೋವಿಲ್ಲದಿರುವುದು ಒಳ್ಳೆಯ ಲಕ್ಷಣವಲ್ಲವೆಂದು ಹೇಳುವವರು ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ.

ಆಸ್ಪತ್ರೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಚೀಟಿಯಣ್ಣನಿಗೆ ಅಳು ಬರುವಷ್ಟು ಸಂತೋಷವಾಯಿತು. ಈ ಸಲ ದೇವರು ಕೈಬಿಡಲಿಲ್ಲ ಎಂದುಕೊಂಡು ಉದ್ದನೆಯ ಓಣಿಯಲ್ಲಿ ಓಡಿ, ಮಹಿಳೆಯರ ವಾರ್ಡಿನ ಏಳನೆಯ ಹಾಸಿಗೆಯ ಮುಂದೆ ನಿಂತ.

ಹಾಸಿಗೆ ಖಾಲಿಯಿತ್ತು. ಚಾದರ ಮಡಿಸಿಟ್ಟಿತ್ತು.

ದಾದಿ ಓಡಿಬಂದಳು. “ನೀವು ಆ ಹುಡುಗಿಯ ತಂದೆಯೇ? ನೀವು ಹೇಗ್ರೀ ಬಂದಿರಿ? ಅವಳು ನಿಮ್ಮನ್ನ ಬಿಡಿಸೋಕೆ ಅಂತ ಹೋದಳಲ್ಲ.”

“ಬಿಡಿಸೋಕೆ?”

“ಎರಡೂಕಾಲಿಗೆ ನಿಮ್ಮ ಕಚೇರಿಯಿಂದ ಫೋನು ಬಂತು. ನಾನೇ ಬರೆದುಕೊಂಡೆ.” ಅವಳು ಜೇಬಿನಿಂದ ಕಾಗದ ತೆಗೆದು ಓದಿದಳು. “‘ನಿಮ್ಮ ತಂದೆ ಸಿಕ್ಕಿಕೊಂಡಿದ್ದಾರೆ. ಬಿಡಿಸಲಾಗುತ್ತಿಲ್ಲ.’ ಅಷ್ಟೇ. ಎಲ್ಲಿ, ಹೇಗೆ ಅಂತ ಕೇಳಿದರೆ, ಕಾಗದದಲ್ಲಿ ಇರೋದು ಇಷ್ಟೇ ಅಂತ ಫೋನು ಇಟ್ಟರು. ಆ ಹುಡುಗಿ ಗೋಡೆ ಕುಸಿದಿರಬೇಕು ಅಂದಳು, ಬೆಂಕಿ ಬಿದ್ದಿರಬೇಕು ಅಂದಳು. ಸೂಜಿ ಕಿತ್ತುಕೊಂಡು, ಆಸ್ಪತ್ರೆ ಅಂಗಿಯ ಮೇಲೇ ಶಾಲು ಸುತ್ತಿಕೊಂಡು ಓಡಿದಳು. ಮೂರು ಗಂಟೆ ತನಕ ತಡೆದೆವು, ಆಮೇಲೆ ಆಗಲಿಲ್ಲ.”

ಚೀಟಿಯಣ್ಣ ಮಾತುಗಳನ್ನು ಎಣಿಸಿದ. ನಾಲ್ಕು. ಕರಡಮ್ಮ ಕಟ್ಟಳೆ ಮೀರಿರಲಿಲ್ಲ. ಬೆರಳನ್ನೂ ಡ್ರಾಯರನ್ನೂ ನಾಲ್ಕು ಗಂಟೆಯನ್ನೂ ತೆಗೆದುಹಾಕಿ, ತಂದೆಯನ್ನು ಉಳಿಸಿದ್ದಳು.

“ಕಚೇರಿಗೆ ಫೋನು ಮಾಡಿ ತಾಯಿ. ಅವಳು ಅಲ್ಲಿದ್ದರೆ ಹಿಂದೆ ಕಳಿಸಿ ಅನ್ನಿ.”

ದಾದಿ ಫೋನು ಮಾಡಿದಳು. ಬಹಳ ಹೊತ್ತು ಕಿವಿಗೆ ಹಿಡಿದುಕೊಂಡು ನಿಂತಳು.

“ಏನಂತೆ?”

“ಜವಾನ ಎತ್ತಿದ. ಉತ್ತರ ಬರೆದಾಗಿದೆಯಂತೆ. ಸಹಿಗೆ ಹೋಗಿದೆಯಂತೆ. ಕಾಯಬೇಕಂತೆ.”

ಅಷ್ಟರಲ್ಲಿ ಡಾಕ್ಟರು ಒಳಗಿನಿಂದ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಮುಖದಲ್ಲಿ ದಣಿವು. “ಏಳನೇ ಹಾಸಿಗೆ ಎಲ್ಲಿ? ನನಗೆ ಎರಡೂವರೆ ಗಂಟೆ ಕೆಲಸ ಇದೆ. ಏಳು ಗಂಟೆಗೆ ಇಲ್ಲಿಂದ ರೈಲಿಗೆ ಹೊರಡಬೇಕು. ನಾಲ್ಕೂವರೆಯೊಳಗೆ ಮೇಜಿನ ಮೇಲೆ ಇರದಿದ್ದರೆ ಇವತ್ತು ಆಗೋದಿಲ್ಲ.” ಅವರ ಕಣ್ಣು ಚೀಟಿಯಣ್ಣನ ಕೈಯ ಮೇಲೆ ಬಿತ್ತು. “ಇದೇನ್ರೀ? ಇದು ಎಷ್ಟು ಹೊತ್ತಿನಿಂದ ಹೀಗಿದೆ?”

“ಅದು ಇರಲಿ ಸಾರ್. ನನ್ನ ಮಗಳು ಬರ್ತಾಳೆ.”

“ಇರಲಿ ಅನ್ನೋ ಹಾಗಿಲ್ಲ. ರಕ್ತ ಓಡ್ತಾ ಇಲ್ಲ. ಈಗಲೇ ಬಳೆ ತುಂಡರಿಸಿ ಸೀಳಿ ತೊಳೀಬೇಕು. ಬಿಟ್ಟರೆ ಬೆರಳು ಹೋಗುತ್ತೆ. ವಿಷ ಏರಿದರೆ ಕೈಯೂ ಹೋಗುತ್ತೆ.”

“ಎಷ್ಟು ಹೊತ್ತು ಬೇಕು?”

“ಒಂದು ಗಂಟೆ.”

“ಹಾಗಾದರೆ ಬೇಡ. ಬೆರಳು ಹೋಗಲಿ. ಮೇಜು ಖಾಲಿ ಇಡಿ.”

ಡಾಕ್ಟರು ಅವನನ್ನು ಒಂದು ಕ್ಷಣ ನೋಡಿದರು. “ಕೂತ್ಕೊಳ್ಳಿ,” ಎಂದು ಮೆಲ್ಲಗೆ ಹೇಳಿದರು.

ಚೀಟಿಯಣ್ಣ ಮಗಳ ಹಾಸಿಗೆಯ ಅಂಚಿನಲ್ಲಿ ಕುಳಿತ. ದಿಂಬಿನ ಮೇಲೆ ಅವಳ ಬಾಚಣಿಗೆ ಇತ್ತು. ನಾಲ್ಕು ಹತ್ತಾಯಿತು. ನಾಲ್ಕೂಕಾಲಾಯಿತು. ಬಾಗಿಲ ಬಳಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಎದ್ದು ನಿಂತ. ಒಮ್ಮೆ ಬಟ್ಟೆ ಒಗೆಯುವವಳು ಬಂದಳು, ಒಮ್ಮೆ ಬೇರೆ ಯಾರದೋ ಮಾವ. ಬೆಳಿಗ್ಗೆಯಿಂದ ಅವನು ಏನೂ ತಿಂದಿರಲಿಲ್ಲ. ಮಗಳಿಗೆ ಉಪವಾಸವೆಂದು ತಾನೂ ಉಪವಾಸವಿದ್ದ. ನಾಲ್ಕು ಇಪ್ಪತ್ತಕ್ಕೆ ಇನ್ನೊಮ್ಮೆ ಎದ್ದು ನಿಂತವನಿಗೆ ಗೋಡೆ ಓಡಿದಂತೆ ಕಂಡಿತು. ಹಾಸಿಗೆ ಎಲ್ಲಿದೆಯೆಂದು ಕೈಯಾಡಿಸಿದ. ಅಷ್ಟೇ ಅವನಿಗೆ ನೆನಪಿದ್ದದ್ದು.

ಎಚ್ಚರವಾದಾಗ ಅವನು ಗಾಲಿಮಂಚದ ಮೇಲೆ ಮಲಗಿದ್ದ. ಮಂಚ ಓಣಿಯಲ್ಲಿ ಉರುಳುತ್ತಿತ್ತು. ಎಡತೋಳಿಗೆ ಸೂಜಿ ಚುಚ್ಚಿದ್ದರು; ನಾಲಿಗೆ ಒದ್ದೆ ಬಟ್ಟೆಯಂತಾಗಿತ್ತು. ಮೇಲೆ ದೀಪಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದವು.

“ನಿಲ್ಲಿಸಿ,” ಎಂದು ಯಾರೋ ಕೂಗಿದರು.

ಓಣಿಯ ಆ ತುದಿಯಿಂದ ಮಗಳು ಓಡಿಬರುತ್ತಿದ್ದಳು. ಚಪ್ಪಲಿ ಕೈಯಲ್ಲಿತ್ತು, ಶಾಲು ನೆಲಕ್ಕೆ ಎಳೆಯುತ್ತಿತ್ತು. ಬಂದವಳೇ ಮಂಚದ ಕಂಬಿ ಹಿಡಿದು ನಿಂತು ಏದುಸಿರು ಬಿಟ್ಟಳು. ಡಾಕ್ಟರು ಗಡಿಯಾರ ನೋಡಿದರು. ನಾಲ್ಕು ಇಪ್ಪತ್ತೆಂಟು.

“ನೋಡಮ್ಮ,” ಎಂದರು ಅವರು. “ಇಲ್ಲಿರೋದು ಒಂದೇ ಮೇಜು, ಇ‌ರೋನು ನಾನೊಬ್ಬ. ಈಗಲೇ ಬಂದರೆ ನಿನ್ನದು ಮಾಡಬಹುದು. ಆಗ ನಿಮ್ಮಪ್ಪನ ಕೈಗೆ ನಾನು ಜವಾಬ್ದಾರನಲ್ಲ. ಇವರದು ಮಾಡಿದರೆ ನಿನ್ನದು ಮುಂದಿನ ಸಲಕ್ಕೆ. ಮೂರು ತಿಂಗಳು ಅನ್ನೋದು ನಿನ್ನ ವಿಷಯದಲ್ಲಿ ಸಣ್ಣ ಮಾತಲ್ಲ. ತಿಳಿದು ಹೇಳು.”

ಚೀಟಿಯಣ್ಣ ಬಾಯಿ ತೆರೆದ. ಮೂವತ್ತು ವರ್ಷ ಪದಗಳನ್ನು ಹುಡುಕಿಕೊಂಡು ಬದುಕಿದವನಿಗೆ ಆಗ ಬೇಕಾಗಿದ್ದದ್ದು ಒಂದೇ, ‘ಬೇಡ’ ಎಂಬ ಎರಡಕ್ಷರ. ನಾಲಿಗೆ ಏಳಲಿಲ್ಲ. ತಲೆ ಅಲ್ಲಾಡಿಸಿದ. ಅದನ್ನು ಕಂಡ ಮಗಳು ಅವನ ಹಣೆಯ ಮೇಲೆ ಅಂಗೈ ಇಟ್ಟಳು.

“ನೋವಿಗೆ ತಲೆ ಹೊರಳಿಸ್ತಿದ್ದಾರೆ,” ಎಂದಳು. “ಅಪ್ಪನದು ಮಾಡಿ ಡಾಕ್ಟ್ರೇ. ಬರೆಯೋ ಕೈ ಅದು.”

ಮಂಚ ಮತ್ತೆ ಉರುಳಿತು. ಅವಳು ಅವನ ಎಡಗೈ ಹಿಡಿದುಕೊಂಡು ಪಕ್ಕದಲ್ಲೇ ನಡೆದಳು. ಅಂಟು ಒಣಗಿದ ಆ ಕೈ ಅವಳ ಕೈಗೆ ಒರಟಾಗಿ ತಾಗಿರಬೇಕು; ಅವಳು ಬಿಡಲಿಲ್ಲ. “ನಾನಿದ್ದೀನಪ್ಪಾ, ಹೆದರಬೇಡಿ. ಬಾಗಿಲ ತನಕ ಬರ್ತೀನಿ,” ಎನ್ನುತ್ತಿದ್ದಳು. ಶಾಲು ಜಾರಿತ್ತು. ಮಲಗಿದ್ದವನಿಗೆ ಅವಳ ಕುತ್ತಿಗೆ ಕೆಳಗಿನಿಂದ ಕಾಣಿಸಿತು. ಗಂಟು ಅವನು ತಿಳಿದುಕೊಂಡಿದ್ದಕ್ಕಿಂತ ದೊಡ್ಡದಾಗಿತ್ತು.

ಬಾಗಿಲು ಬಂತು. ದಾದಿ ಮಗಳ ಕೈಯನ್ನು ಮೆಲ್ಲಗೆ ಬಿಡಿಸಿದಳು. ಬಾಗಿಲು ಮುಚ್ಚುವ ಮುನ್ನ ಅವಳು ಹೊರಗಿನ ಬೆಂಚಿನ ತುದಿಯಲ್ಲಿ ಕುಳಿತು, ಚಪ್ಪಲಿಗಳನ್ನು ಜೋಡಿಸಿ ನೆಲಕ್ಕಿಡುತ್ತಿದ್ದದ್ದು ಅವನಿಗೆ ಕಾಣಿಸಿತು.

ಒಳಗೆ ತಣ್ಣಗಿತ್ತು. ಡಾಕ್ಟರು ಅವನ ಮುಖದ ಮೇಲೆ ಬಾಗಿದರು.

“ದೀರ್ಘವಾಗಿ ಉಸಿರು ಎಳ್ಕೊಳ್ಳಿ,” ಎಂದರು. “ಇವತ್ತಿಗೆ ನೀವೇ ಕೊನೆಯವರು.”